ಮುಚ್ಚಳಿಕೆಯ ಐದನೇ ಸಾಲು

ಕತ್ತಿವರಸೆಯಲ್ಲಿ, ಅಂದರೆ ಫೆನ್ಸಿಂಗ್‌ನಲ್ಲಿ, ಮೂರು ಸಲ ರಾಜ್ಯ ಚಾಂಪಿಯನ್ ಆದವಳು ನಾನು. ಹೊನ್ನಾಳಿಯಲ್ಲಿ ಇದನ್ನು ಹೇಳಿದರೆ ಇವತ್ತಿಗೂ "ಹೌದಾ, ಮೊಹರಂನಾಗೆ ತಿರುಗಿಸ್ತಾರಲ್ಲ, ಅದಾ?" ಎನ್ನುತ್ತಾರೆ. ಅಲ್ಲ ಎಂದು ವಿವರಿಸಿ ವಿವರಿಸಿ ನನಗೆ ಸಾಕಾಗಿದೆ. ಆಡುವುದನ್ನು ನಿಲ್ಲಿಸಿದ ಮೇಲೆ ನಾನಾಗಿಯೇ ಇನ್ನೊಂದು ತಲೆನೋವು ಹಚ್ಚಿಕೊಂಡೆ, ಆಟಗಾರರ ಹಕ್ಕುಗಳದ್ದು. ಚನ್ನಗಿರಿ, ಜಗಳೂರು ಎಂದು ಬಸ್ಸು ಹತ್ತಿ ಹೋಗಿ, ತಪ್ಪು ಕಂಡರೆ ಬಾಯಿ ಬಿಟ್ಟು ಹೇಳಿ ಎಂದು ಹುಡುಗಿಯರಿಗೆ ಹೇಳಿ ಬರುತ್ತೇನೆ.

ಗೋವಿನಕೋವಿಯಿಂದ ನನ್ನ ಹತ್ತಿರ ಕಲಿಯಲು ಬರುವ ಹದಿನಾರರ ಹುಡುಗಿ ಹಾಗೆಯೇ ಮಾಡಿದಳು. ಜಿಲ್ಲಾ ಆಯ್ಕೆಯ ದಿನ ಅವಳಿಗೆ ಕೊಟ್ಟ ಮಾಸ್ಕಿನ ಜಾಲರಿ ಕಣ್ಣಿನ ಹತ್ತಿರ ಒಳಕ್ಕೆ ಕುಸಿದಿತ್ತು. ಅಲ್ಲಿ ಕತ್ತಿಯ ತುದಿ ನುಗ್ಗಿದರೆ ಕಣ್ಣೇ ಹೋದೀತು. ಬೇರೆ ಕೊಡಿ ಎಂದು ಎಲ್ಲರೆದುರು ಕೇಳಿದಳು, ಕೊಟ್ಟರು, ಗೆದ್ದಳು. ಆಮೇಲೆ ಶುರುವಾಯಿತು ರಗಳೆ. ರಾಜ್ಯ ಕೂಟಕ್ಕೆ ಹೋಗುವವರ ಪಟ್ಟಿಯಲ್ಲಿ ಹೆಸರು ಸೇರಬೇಕಾದರೆ ಮೊದಲು ಮುಚ್ಚಳಿಕೆಗೆ ಸಹಿ ಹಾಕಬೇಕೆಂದು ಜಿಲ್ಲಾ ಕತ್ತಿವರಸೆ ಸಂಘದ ಕಾರ್ಯದರ್ಶಿಗಳು ಹೇಳಿ ಕಳಿಸಿದರು.

ಅವರಿಗೆ ಗೊಬ್ಬರದ ಅಂಗಡಿಯಿದೆ. ಸಂಘದ ಕಚೇರಿಯೂ ಅದೇ. ನಾನು ಆಡುವಾಗಲೂ ಅವರೇ ಕಾರ್ಯದರ್ಶಿ, ಈಗಲೂ ಅವರೇ. ಹುಡುಗಿಯನ್ನು ಕರೆದುಕೊಂಡು ಹೋದೆ. ಯೂರಿಯಾ ಕೇಳಲು ಬಂದ ನಾಲ್ಕು ಜನರನ್ನು ಸಾಗಹಾಕಿದ ಮೇಲೆ ನಮ್ಮ ಕಡೆ ತಿರುಗಿ ಕೈಬರಹದ ಒಂದು ಹಾಳೆ ಕೊಟ್ಟರು. ಜೆರಾಕ್ಸಿನ ಜೆರಾಕ್ಸು, ಅರ್ಧ ಅಕ್ಷರ ಮಾಸಿಹೋಗಿತ್ತು. ಐದನೇ ಸಾಲು ಮಾತ್ರ ಸ್ಪಷ್ಟವಾಗಿತ್ತು: ಸಲಕರಣೆಗಳ ಬಗ್ಗೆ ಯಾರಲ್ಲಿಯೂ ದೂರು ಹೇಳುವುದಿಲ್ಲ, ಪೆಟ್ಟಾದರೆ ನಾನೇ ಹೊಣೆ.

"ಇದನ್ನ ಬರೆದ ಪುಣ್ಯಾತ್ಮ ಯಾರು ಸರ್?" ಎಂದು ರೇಗಿದೆ.

"ನೀನೇ ಅಲ್ಲೇನಮ್ಮಾ," ಎಂದರು ಅವರು, ಸಹಜವಾಗಿ. "ಟೈಪ್ ಮಾಡೋನು ಅವತ್ತು ಬಂದಿರಲಿಲ್ಲ. ನಾನು ಹೇಳ್ತಾ ಹೋದೆ, ನೀನು ಬರ್ಕೊಂಡು ಹೋದೆ. ಮರ್ತುಬಿಟ್ಟೆಯಾ?"

ಮತ್ತೆ ನೋಡಿದೆ. ನನ್ನದೇ ಅಕ್ಷರ. ಮೊದಲ ಪದಕ ಗೆದ್ದು ಬಂದ ವಾರ ಅವರು ನನಗೆ ಕುರ್ಚಿ ಕೊಟ್ಟು ಟೀ ತರಿಸಿದ್ದರು. ಆ ಮರ್ಯಾದೆಗೇ ಉಬ್ಬಿಹೋಗಿ, ಏನು ಬರೆಯುತ್ತಿದ್ದೇನೆಂದು ಕೂಡ ಯೋಚಿಸದೆ ದುಂಡಗೆ ಬರೆದುಕೊಟ್ಟಿದ್ದೆ. ಅಲ್ಲಿಂದ ಇಲ್ಲಿಯವರೆಗೆ ಎಷ್ಟು ಹುಡುಗಿಯರು ಅದರ ಕೆಳಗೆ ಸಹಿ ಹಾಕಿದ್ದಾರೋ. ಇಷ್ಟು ದಿನ ಊರೂರು ತಿರುಗಿ ಯಾರನ್ನು ಬಯ್ಯುತ್ತಿದ್ದೆನೋ ಅವರಲ್ಲಿ ನಾನೂ ಒಬ್ಬಳು.

"ಹಾಳೆ ಕೊಡ್ರಿ ಸರ್, ಬೇರೆ ಬರೀತೀನಿ," ಎಂದೆ. ಗೊಬ್ಬರದ ಚೀಲದ ಮೇಲೆ ಕೂತು ಬರೆದೆ. ಆಡುವ ಮೊದಲು ಮಾಸ್ಕನ್ನು ಪರೀಕ್ಷಿಸಿ ಕೊಡಬೇಕು. ಕೆಟ್ಟಿದ್ದರೆ ಬೇಡ ಎನ್ನುವ ಹಕ್ಕು ಆಟಗಾರ್ತಿಗಿದೆ, ಹಾಗೆಂದದ್ದಕ್ಕೆ ಅವಳನ್ನು ಪಟ್ಟಿಯಿಂದ ಕೈಬಿಡಬಾರದು. ಅವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು.

"ಅಕ್ಷರ ಈಗ್ಲೂ ಹಂಗೇ ಐತೆ ನೋಡು," ಎಂದು ಮೆಚ್ಚಿ ಡ್ರಾಯರ್‌ನಲ್ಲಿಟ್ಟರು. "ಮುಂದಿನ ಮೀಟಿಂಗ್‌ನಾಗೆ ಇಡಾನ. ಈ ಸಲಕ್ಕೆ ಹಳೇದೇ ಇರ್ಲಿ. ನಾಲ್ಕು ಗಂಟೆಗೆ ಪಟ್ಟಿ ಕಳಿಸ್ಲೇಬೇಕು."

ಮೂರೂವರೆಯಾಗಿತ್ತು. ಕೂಗಾಡಿದೆ. ಪತ್ರಿಕೆಯವರನ್ನು ಕರೆಸುತ್ತೇನೆ ಎಂದೆ. ಅವರು ಫ್ಯಾನ್ ಜೋರು ಮಾಡಿ, "ಕೂತ್ಕೊಳಮ್ಮಾ, ಟೀ ತರಿಸ್ತೀನಿ," ಎಂದರು.

ಹುಡುಗಿ ಅಷ್ಟು ಹೊತ್ತೂ ಹಳೆಯ ಹಾಳೆಯನ್ನೇ ನೋಡುತ್ತ ನಿಂತಿದ್ದಳು.

"ಅಕ್ಕಾ, ಇದನ್ನ ಬರೆಯುವಾಗ ನಿಮಗೆ ವಯಸ್ಸೆಷ್ಟು?"

"ಹತ್ತೊಂಬತ್ತು."

"ಹಂಗಾದ್ರೆ ನನಗಿಂತ ದೊಡ್ಡೋರಿದ್ರಿ," ಎಂದಳು. ನನ್ನ ಕೈಯಲ್ಲಿದ್ದ ಪೆನ್ನು ತೆಗೆದುಕೊಂಡು, ಐದನೇ ಸಾಲಿನ ಕೆಳಗೆ ಸಹಿ ಹಾಕಿದಳು.