ನಾನೇ ಹೆಣೆದ ಸ್ವೆಟರ್

ನಾನು ಓದು ಬಿಟ್ಟದ್ದು ೧೯೯೧ರಲ್ಲಿ, ಎಂಟನೇ ಕ್ಲಾಸಿಗೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಹಾನುಬಾಳಿನ ಹತ್ತಿರದ ಒಂದು ಎಸ್ಟೇಟಿಗೆ ಕೆಲಸಕ್ಕೆ ಸೇರಿದೆ. ಮಳೆಗಾಲದ ಹೊತ್ತಿಗೆ ಮೆಣಸಿನ ಬಳ್ಳಿಯನ್ನು ಸಿಲ್ವರ್ ಮರಕ್ಕೆ ಕಟ್ಟುವುದು, ಚಳಿಗಾಲದಲ್ಲಿ ಕಣದಲ್ಲಿ ಒಣಹಾಕಿದ ಕಾಫಿ ಕಾಯುವುದು. ದನ ಬಂದರೆ ಓಡಿಸಬೇಕು, ಆಗಾಗ ಎದ್ದು ಹರವಿದ ಕಾಫಿ ಕೆದಕಬೇಕು, ಅಷ್ಟೇ. ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ನಮ್ಮತ್ತಿಗೆ ಸ್ವೆಟರ್ ಹೆಣೆಯುತ್ತಿದ್ದರು. ಅವರಿಂದ ಒಂದು ಜೊತೆ ಕಡ್ಡಿ ಇಸ್ಕೊಂಡೆ.

ಅತ್ತಿಗೆ ಕಲಿಸಿದ್ದು ಎರಡು ಬಣ್ಣದ್ದು. ನೋಡೋರಿಗೆ ಎರಡೂ ದಾರ ಒಟ್ಟಿಗೆ ಓಡಿದ ಹಾಗೆ ಕಾಣುತ್ತದೆ. ಹಾಗೇನಿಲ್ಲ, ಒಂದು ಸಾಲಿಗೆ ಒಂದೇ ಬಣ್ಣ. ಹಸಿರು ದಾರದಲ್ಲಿ ಹೋಗುವಾಗ ಬಿಳಿ ಉಳಿಯಬೇಕಾದ ಕಡೆ ಹಿಂದಿನ ಸಾಲಿನ ಬಿಳಿ ಕುಣಿಕೆಯನ್ನು ಹೆಣೆಯದೆ ಹಾಗೇ ಈ ಕಡ್ಡಿಯಿಂದ ಆ ಕಡ್ಡಿಗೆ ದಾಟಿಸಿಬಿಡುವುದು. ಹಸಿರು ಅದರ ಹಿಂದೆ ಹಾದುಹೋಗುತ್ತದೆ. ಅಲ್ಲಿ ದಾರ ಸಡಿಲ ಬಿಡಬೇಕು. ನನ್ನದು ಬಳ್ಳಿ ಕಟ್ಟಿ ಪಳಗಿದ ಕೈ, ಜಗ್ಗಿ ಬಿಗಿಯುವುದೊಂದೇ ಗೊತ್ತು. ಮೊದಲನೇ ಸ್ವೆಟರ್ ಮುದುರಿಕೊಂಡು ತಲೆಯೇ ತೂರಲಿಲ್ಲ.

"ಸಿಲ್ವರ್ ಮರಕ್ಕೆ ಹಾಕು ಮಾರಾಯ, ಸರಿಯಾಗ್ತೈತೆ" ಅಂತ ಕಣದಲ್ಲಿ ನಕ್ಕರು. "ನಾಳೆ ಸೀರೇನೂ ಉಟ್ಕಂಡ್ ಬಾ" ಅಂದರು ಎಸ್ಟೇಟಿನ ಲೆಕ್ಕ ಬರೆಯುವ ರೈಟರ್. ಅವರೆದುರೇ ಅಷ್ಟನ್ನೂ ಬಿಚ್ಚಿ ಮತ್ತೆ ಹೆಣೆದೆ.

ಎರಡು ಸಾವಿರದ ಇಸವಿಯಲ್ಲಿ, ಆಮೇಲೆ ಹೆಣೆದ ಇನ್ನೊಂದು ಸ್ವೆಟರ್ ತೊಟ್ಟುಕೊಂಡೇ ಮಗ್ಗೆ ಕಡೆಗೆ ಹೆಣ್ಣು ನೋಡಲು ಹೋದೆ. ಜೊತೆಗೆ ಸೋದರಮಾವ. ಬಸ್ಸಿಳಿಯುವಾಗಲೇ ಹೇಳಿದರು: "ಯಾರಾನ ಕೇಳಿದ್ರೆ ಹಾಸನದಲ್ಲಿ ತಗಂಡಿದ್ದು ಅನ್ನು. ಮರ್ಯಾದೆ ಕಳೀಬ್ಯಾಡ."

ಹುಡುಗಿಯ ಅಪ್ಪ ಕೇಳಿಯೇ ಕೇಳಿದರು. "ಸ್ವೆಟರ್ ಚೆನ್ನಾಗೈತೆ. ಎಲ್ಲಿದು?"

"ಹಾಸನದ್ದು" ಅಂದರು ಮಾವ.

"ಅಲ್ಲ, ನಾನೇ ಹೆಣೆದಿದ್ದು" ಅಂದೆ.

ಒಳಗೆ ಯಾರೋ ಹೆಂಗಸರು ಕಿಸಕ್ಕನೆ ನಕ್ಕರು. ಹುಡುಗಿಯ ಅಪ್ಪ ಕಾಫಿ ಲೋಟ ಕೆಳಗಿಟ್ಟರು. "ಇರ್ಲಿ. ಮದ್ವೆ ಆದ್ಮೇಲೆ ಇದನ್ನೆಲ್ಲ ಬುಡ್ತೀರಲ್ವಾ?"

ಹುಡುಗಿ ನನಗೆ ಒಪ್ಪಿಗೆಯಾಗಿದ್ದಳು. ಒಂದು ಹೂಂ ಅಂದಿದ್ದರೆ ಮಾತು ಮುಗಿಯುತ್ತಿತ್ತು.

"ಬುಡಲ್ಲ" ಅಂದೆ. "ನಾನೇನು ಕುಡೀತಿದೀನಾ, ಬುಡೋಕೆ?"

ಹುಡುಗಿಯ ಅಪ್ಪ ಎದ್ದು ಒಳಗೆ ಹೋದರು. ವಾಪಸು ಬರುವ ಬಸ್ಸಿನಲ್ಲಿ ಮಾವ, "ಹಾಳ್ ಮಾಡ್ಕಂಡ್ಬುಟ್ಟೆ ಕಣೋ" ಅಂತ ಉದ್ದಕ್ಕೂ ಬೈದರು. ನಾನು ಚೀಲದಿಂದ ಕಡ್ಡಿ ತೆಗೆದು, ಇಡೀ ಬಸ್ಸು ನೋಡುತ್ತಿದ್ದ ಹಾಗೇ ಹೆಣೆಯುತ್ತ ಕೂತೆ. ಸಿಟ್ಟಿಗೆ ಕೈ ಬಿಗಿಯಾಗಿ ಸಾಲು ಮುದುರಿತು. ಬಿಚ್ಚಿ ಮತ್ತೆ ಹಾಕಿದೆ.

ಮಾರನೇ ವರ್ಷ ಹೊಂಗಡಹಳ್ಳದ ಕಡೆ ಇನ್ನೊಂದು ಮನೆಗೆ ಹೋದಾಗ, ಕಾಫಿ ಬರುವ ಮೊದಲೇ ನಾನೇ ಎಲ್ಲ ಹೇಳಿಬಿಟ್ಟೆ. ಆ ಹುಡುಗಿ ಬಾಗಿಲ ಹಿಂದಿನಿಂದ ತನ್ನ ಅಜ್ಜಿಯ ಕೈಲಿ ಕೇಳಿಸಿದಳು: "ನಂಗೂ ಒಂದು ಹಾಕ್ಕೊಡ್ತಾರಂತಾ?"

ಈಗ ನನಗಿರುವುದು ಹೆಂಡತಿ, ಇಬ್ಬರು ಮಕ್ಕಳು, ಒಂದೂವರೆ ಎಕರೆ ಕಾಫಿ, ಮೂರು ಜೊತೆ ಕಡ್ಡಿ. ತಲೆಗೊಂದರಂತೆ ನಾಲ್ಕು ಸ್ವೆಟರ್.