ಕಿವಿಯಿಂದ ಹಾಜರಿ ಹಾಕಿದ ಹೊನ್ನೂರಪ್ಪ ಕಾಕಾ

ಹೊನ್ನೂರಪ್ಪ ಕಾಕಾ ಹಾಜರಿ ತೆಗೆದುಕೊಳ್ಳುತ್ತಿದ್ದದ್ದು ಕಿವಿಯಿಂದ. ಬೆಳಿಗ್ಗೆ ಎಂಟಕ್ಕೆ ಹೊಸಪೇಟೆಯ ಸೆಕ್ಯುರಿಟಿ ಕಂಪನಿಯ ಆಫೀಸಿನಲ್ಲಿ ಫೋನು ಹಿಡಿದು ಕುಳಿತರೆಂದರೆ ಒಬ್ಬೊಬ್ಬ ಗಾರ್ಡಿಗೂ ಕರೆ ಹೋಗುತ್ತಿತ್ತು. ಡ್ಯೂಟಿ ಮೇಲೆ ಇದ್ದೀಯಾ ಎಂದು ಒಮ್ಮೆಯೂ ಕೇಳಿದವರಲ್ಲ. "ನಾಷ್ಟಾ ಆತೇನಪಾ?" ಎನ್ನುವರು. ಅವನು ಉತ್ತರ ಕೊಡುವಷ್ಟರಲ್ಲಿ ಅವನ ಹಿಂದಿನ ಸದ್ದು ಕೇಳಿಸಿಕೊಂಡಿರುವರು. ಸಂಡೂರಿನ ಅದಿರಿನ ಯಾರ್ಡಾದರೆ ಲಾರಿಗಳ ಹಾರ್ನು, ಹಂಪಿಯ ಪಾರ್ಕಿಂಗಾದರೆ ಆಟೋದವರ ಜಗಳ, ಕಂಪ್ಲಿಯ ಅಕ್ಕಿ ಗೋದಾಮಾದರೆ ಪಕ್ಕದ ಗಿರಣಿಯ ಗಡಗಡ. ಸದ್ದು ಸರಿಯಿದ್ದರೆ ರಿಜಿಸ್ಟರಿನಲ್ಲಿ ಒಂದು ಗೀಟು. ಇಲ್ಲದಿದ್ದರೆ, "ಆ ಹೋಟ್ಲಾಗ ಮಿರ್ಚಿ ಭಾಳ ಚಲೋ ಮಾಡ್ತಾರ ಬಿಡು. ತಿಂದು ಜಲ್ದಿ ಗೇಟಿಗೆ ಹೋಗು" ಎಂದು ಫೋನ್ ಇಡುವರು. ಆ ಕಡೆ ಸಿಕ್ಕಿಬಿದ್ದವನು ಬಾಯಿಯಲ್ಲಿದ್ದ ಮಿರ್ಚಿ ನುಂಗುವ ಸದ್ದು ಪಕ್ಕದಲ್ಲಿದ್ದ ನನಗೂ ಕೇಳುತ್ತಿತ್ತು.

ಅವರ ಪಕ್ಕ ಹದಿನೈದು ದಿನ ಕುಳಿತು ನಾನು ಕೆಲಸ ಕಲಿತೆ. ಹಾಜರಿ, ರಜೆ, ಯಾರು ಯಾವ ಪಾಯಿಂಟಿಗೆ ಕಾವಲು ಎಂಬ ಪಟ್ಟಿ, ಹೊಸಬರ ಪೊಲೀಸ್ ವೆರಿಫಿಕೇಶನ್ ಫಾರಂ ಇವನ್ನೆಲ್ಲ ಮುಂದೆ ಮಲಪನಗುಡಿಯ ನಮ್ಮ ಮನೆಯಿಂದಲೇ ಲ್ಯಾಪ್‌ಟಾಪಿನಲ್ಲಿ ಮಾಡಬೇಕಿತ್ತು. ಅದಕ್ಕೆ ವರ್ಚುವಲ್ ಅಸಿಸ್ಟೆಂಟ್ ಎಂದು ಹೆಸರು. ಕಾಕಾ ಮಾತ್ರ ನನಗೆ "ಕುರ್ಚಿ ಇಲ್ಲದ ಕ್ಲರ್ಕು" ಎಂದು ಹೆಸರಿಟ್ಟಿದ್ದರು. ತಮ್ಮ ಕುರ್ಚಿ ತೆಗೆಸಲಿಕ್ಕೇ ನಾನು ಬಂದಿರುವುದು ಅವರಿಗೆ ತಿಳಿಯದ ಸಂಗತಿಯೇನಲ್ಲ. ಆದರೂ ಕಂಪ್ಲಿಯಿಂದ ಬಸ್ಸಿನಲ್ಲಿ ಬರುವಾಗ ದಿನಾ ನನಗೊಂದು ಪೊಟ್ಟಣ ಒಗ್ಗರಣೆ ಮಂಡಕ್ಕಿ ತರುತ್ತಿದ್ದರು, ಒಂದು ವಿಷಯವನ್ನೂ ಬಚ್ಚಿಡದೆ ಹೇಳಿಕೊಡುತ್ತಿದ್ದರು.

"ಯಾರ ಮ್ಯಾಲ ಏನ ಬರಿಯೋದಿದ್ರೂ ಮೊದ್ಲು ನನಗೊಂದು ಫೋನ್ ಹೊಡಿ ಯವ್ವಾ. ಬರ್ದಿದ್ದು ಅಳಸಾಕ ಬರಂಗಿಲ್ಲ," ಎಂದು ದಿನಕ್ಕೆರಡು ಸಲ ಹೇಳುವರು. ನಾನು ತಲೆಯಾಡಿಸುತ್ತಿದ್ದೆ. ಒಂದು ಸೋಮವಾರ ಕಂಪ್ಲಿ ಗೋದಾಮಿನ ಪಂಪಾಪತಿಗೆ ಫೋನ್ ಮಾಡಿ ಮುಗಿಸಿದ ಮೇಲೆ, "ಇವತ್ತ ಪಂಪಾಪತಿ ದನಿ ಸ್ವಲ್ಪ ಬ್ಯಾರೆ ಐತಿ" ಎಂದು ತಮ್ಮಷ್ಟಕ್ಕೆ ನಕ್ಕು ಗೀಟು ಎಳೆದರು. ನೆಗಡಿಯಿರಬೇಕು ಎಂದುಕೊಂಡೆ.

ನಾನು ಮನೆಯಲ್ಲಿ ಕೆಲಸ ಹಿಡಿದ ಮೇಲೆ ಫೋನಿನ ಹಾಜರಿ ನಿಂತಿತು. ಗಾರ್ಡುಗಳು ಎಂಟು ಗಂಟೆಗೆ ಗೇಟಿನ ಮುಂದೆ ಯೂನಿಫಾರಂ, ಟೋಪಿ ಹಾಕಿ ನಿಂತು ಫೋಟೋ ಕಳಿಸಬೇಕು. ಕಾಕಾನನ್ನು ಫೀಲ್ಡಿಗೆ ಹಾಕಿದರು. ಹಳೆಯ ಬೈಕಿನಲ್ಲಿ ಪಾಯಿಂಟಿನಿಂದ ಪಾಯಿಂಟಿಗೆ ಅಲೆಯುವ ಕೆಲಸ. ಆರೇಳು ವಾರದಲ್ಲಿ ನನ್ನ ಕಣ್ಣಿಗೆ ಒಂದು ವಿಚಿತ್ರ ಬಿತ್ತು. ಸೋಮವಾರ, ಗುರುವಾರ ಪಂಪಾಪತಿಯ ಹೆಸರಿನಲ್ಲಿ ಬರುವ ಫೋಟೋದಲ್ಲಿ ಹುಬ್ಬಿನ ಮೇಲೊಂದು ಗಾಯದ ಗುರುತಿತ್ತು. ಬೇರೆ ದಿನ ಇರುತ್ತಿರಲಿಲ್ಲ.

ಕಾಕಾನ ನಂಬರು ಕೈಯಲ್ಲೇ ಇತ್ತು. ಫೋನ್ ಮಾಡಲಿಲ್ಲ. ಮಾಡಿದ್ದರೆ ಅವರು ಏನಾದರೊಂದು ಹೇಳಿ ತಡೆಯುತ್ತಿದ್ದರು, ನನಗೆ ಸಿಗಬೇಕಾದ ಹೊಗಳಿಕೆ ತಪ್ಪುತ್ತಿತ್ತು. ಇದಕ್ಕಿಂತ ದೊಡ್ಡ ಕಾರಣ ಹೇಳಿದರೆ ಸುಳ್ಳಾಗುತ್ತದೆ. ಫೋಟೋಗಳನ್ನು ಸಾಲಾಗಿ ಜೋಡಿಸಿ, ಹುಬ್ಬಿಗೆ ಕೆಂಪು ವೃತ್ತ ಹಾಕಿ ಕಂಪನಿಯ ಮಾಲೀಕರಿಗೆ ಕಳಿಸಿದೆ. "ಶಹಬ್ಬಾಸ್" ಎಂದು ಉತ್ತರ ಬಂತು. ಅವತ್ತು ಮನೆಯಲ್ಲಿ ಅವ್ವನಿಗೆ ತೋರಿಸಿ ಮೆರೆದೆ.

ಗಾಯದ ಗುರುತಿದ್ದವನು ಪಂಪಾಪತಿಯನ್ನೇ ಹೋಲುವ ಅವನ ಅಣ್ಣ. ಪಂಪಾಪತಿಯ ಹೆಂಡತಿ ಹುಲಿಗೆಮ್ಮನ ಕಿಡ್ನಿ ಕೆಟ್ಟಿತ್ತು. ವಾರಕ್ಕೆರಡು ದಿನ ಅವಳನ್ನು ಡಯಾಲಿಸಿಸ್‌ಗೆ ಹೊಸಪೇಟೆಗೆ ಕರೆತರಬೇಕಿತ್ತು. ಆ ದಿನಗಳಲ್ಲಿ ಅಣ್ಣ ತಮ್ಮನ ಯೂನಿಫಾರಂ ಹಾಕಿಕೊಂಡು ಗೇಟಿನಲ್ಲಿ ನಿಲ್ಲುತ್ತಿದ್ದ. ಇಷ್ಟನ್ನೂ ನಾನು ತಿಳಿದದ್ದು ಪಂಪಾಪತಿಯ ಯೂನಿಫಾರಂ ಕಿತ್ತುಕೊಂಡ ಮೇಲೆ.

ಮಾಲೀಕರು ಕಾಕಾನನ್ನು ಕರೆಸಿ ವಿಚಾರಣೆ ಮಾಡಿದರು. ನಾನು ಲ್ಯಾಪ್‌ಟಾಪಿನಲ್ಲಿ, ಮೈಕ್ ಮುಚ್ಚಿಕೊಂಡು, ಎಲ್ಲ ಕೇಳುತ್ತಿದ್ದೆ.

"ನಿಮಗ ಗೊತ್ತಿತ್ತೇನು?"

"ಗೊತ್ತಿತ್ರಿ ಸಾಹೇಬ್ರ. ಗೇಟು ಮಾತ್ರ ಒಂದ್ ತಾಸೂ ಖಾಲಿ ಬಿಟ್ಟಿಲ್ರಿ ಅಣ್ತಮ್ರು."

ಗೊತ್ತಿರಲಿಲ್ಲ ಎಂದಿದ್ದರೆ ಉಳಿಯುತ್ತಿದ್ದರು. ಆ ಸಂಜೆಗೆ ಅವರ ಕೆಲಸವೂ ಹೋಯಿತು. ಅವರ ಹೆಸರು ತೆಗೆಯುವ ಫಾರಂ ಬಂದದ್ದು ನನಗೇ. ಕಾರಣದ ಜಾಗದಲ್ಲಿ ಮೂರು ಆಯ್ಕೆಗಳಿದ್ದವು: ಗೈರುಹಾಜರಿ, ಅಶಿಸ್ತು, ಸ್ವಂತ ಇಚ್ಛೆ. ಆಗ ಫೋನ್ ಮಾಡಿದೆ. ನಾಚಿಕೆಗೆಟ್ಟವಳು, ಯಾವುದನ್ನು ಹಾಕಲಿ ಎಂದು ಅವರನ್ನೇ ಕೇಳಿದೆ.

"ನಿನಗ ಯಾವ್ದು ಜಲ್ದಿ ಆಗ್ತೈತೋ ಅದನ್ನ ಹಾಕು ಯವ್ವಾ," ಎಂದರು. ದನಿಯಲ್ಲಿ ಸಿಟ್ಟಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಮಾಲೀಕರು ಹೇಳಿದಂತೆ ಅಶಿಸ್ತು ಎಂದು ಹಾಕಿದೆ.

ಮೊನ್ನೆ ಅವ್ವನ ರಕ್ತ ಪರೀಕ್ಷೆಗೆಂದು ಹೊಸಪೇಟೆಯ ಆಸ್ಪತ್ರೆಗೆ ಹೋಗಿದ್ದೆ. ಡಯಾಲಿಸಿಸ್ ಕೋಣೆಯ ಹೊರಗೆ, ಮಡಿಲಲ್ಲಿ ಬುತ್ತಿಯ ಚೀಲ ಇಟ್ಟುಕೊಂಡು ಕಾಕಾ ಕುಳಿತಿದ್ದರು. ತಪ್ಪಿಸಿಕೊಂಡು ಹೋಗೋಣವೆಂದರೆ ನೋಡಿಯೇಬಿಟ್ಟರು.

"ಬಾ, ಕುಂದ್ರು."

ಯಾರಿಗೆ ಆರಾಮಿಲ್ಲ ಎಂದು ಕೇಳಿದೆ.

"ಹುಲಿಗೆಮ್ಮನ್ನ ಕರ್ಕೊಂಡ್ ಬಂದೀನಿ. ಪಂಪಾಪತಿ ಕೊಪ್ಪಳ ಕಡೆ ಫ್ಯಾಕ್ಟರ್‍ಯಾಗ ಲೋಡಿಂಗಿಗೆ ಹೋಗ್ಯಾನ, ಅವರಣ್ಣನೂ ಸಂಗಾಟ ಹೋದ. ಅಲ್ಲಿ ರಜಾ ಕೊಡಂಗಿಲ್ಲ. ನಾ ಹೆಂಗೂ ಖಾಲಿ ಅದೀನಲ್ಲ."

"ತಪ್ಪಾತು ಕಾಕಾ," ಎಂದೆ.

"ತಪ್ಪೇನ್ ಬರ್ದಿಲ್ಲ ಬಿಡು. ಖರೇನ ಬರ್ದಿ." ಚೀಲದ ಹಿಡಿಕೆ ತಿರುವಿದರು. "ನನಗೊಂದು ಫೋನ್ ಮಾಡಿದ್ರ ಗೋದಾಮಿನವ್ರ ಕೈಕಾಲು ಹಿಡಿದು ಅಣ್ತಮ್ರು ಇಬ್ರ ಹೆಸರೂ ಆ ಗೇಟಿಗೆ ಹಾಕ್ಸಿ ಬರ್ತಿದ್ದೆ. ಒಂದ್ ತಾಸಿನ ಕೆಲಸ ಇತ್ತು."

ಅಷ್ಟರಲ್ಲಿ ಹುಲಿಗೆಮ್ಮ ಗೋಡೆ ಹಿಡಿದುಕೊಂಡು ಹೊರಗೆ ಬಂದಳು. ನನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬೇಕು. ಕಾಕಾ ಎದ್ದು ಅವಳ ತೋಳು ಹಿಡಿದು ಕೂರಿಸಿ, ನನ್ನತ್ತ ಕೈ ತೋರಿಸಿ, "ನಮ್ಮ ಆಫೀಸಿನ ಹುಡುಗಿ" ಎಂದರು.

ಅವಳು ನನ್ನ ಎರಡೂ ಕೈ ಹಿಡಿದುಕೊಂಡಳು. "ಅಕ್ಕಾರ, ನಮ್ಮ ಮನೆಯವ್ರನ್ನ ಹೆಂಗರ ಮಾಡಿ ತಿರುಗಿ ಕೆಲಸಕ್ಕ ತಗೊಳ್ರಿ. ಯಾರೋ ಏನೋ ಬರ್ದು ಕಳಿಸ್ಯಾರಂತ. ನೀವು ಒಂದ್ ಮಾತು ಹೇಳಿದ್ರ ಆಗ್ತೈತ್ರಿ."

ಕಾಕಾ ಬುತ್ತಿಯ ಮುಚ್ಚಳ ಬಿಚ್ಚುತ್ತಿದ್ದರು, ತಲೆ ಎತ್ತಲಿಲ್ಲ. ನೋಡ್ತೀನ್ರಿ ಎಂದೆ. ಪಂಪಾಪತಿಯ ಹೆಸರಿನ ಮುಂದೆ 'ಮತ್ತೆ ತೆಗೆದುಕೊಳ್ಳಬಾರದು' ಎಂದು ಗುರುತು ಹಾಕಿದವಳು ನಾನೇ. ಬರೆದು ಕಳಿಸಿದವಳು ನಾನು ಎಂಬುದನ್ನು ಕಾಕಾ ಇಷ್ಟು ದಿನವಾದರೂ ಅವಳಿಗೆ ಹೇಳಿರಲಿಲ್ಲ. ನಾನೂ ಹೇಳಲಿಲ್ಲ.