ಹಾವಿಗಾಗಿ ಇಲಿ ಕೊಂದದ್ದು

ಮದುವೆಯಾದ ವರ್ಷವೇ ನನ್ನ ಗಂಡ ಎರಡು ರಾಯಲ್ ಪೈಥಾನ್‌ಗಳನ್ನು ಶಿಕಾರಿಪುರದ ನಮ್ಮ ಬಾಡಿಗೆ ಮನೆಗೆ ತಂದರು. ಆಫ್ರಿಕಾ ಕಡೆಯ ಗಿಡ್ಡ ಹೆಬ್ಬಾವುಗಳು. ಹೆದರಿದರೆ ಚೆಂಡಿನ ಹಾಗೆ ಮುದುಡಿಕೊಳ್ಳುತ್ತವೆ. ಕಾಗದಪತ್ರ ಎಲ್ಲ ಸರಿಯಿತ್ತು, ಸಾಕುವುದು ಹೇಗೆಂದು ಮಾತ್ರ ಇಬ್ಬರಿಗೂ ಗೊತ್ತಿರಲಿಲ್ಲ. ಒಂದೊಂದಕ್ಕೆ ಒಂದೊಂದು ಪ್ಲೈವುಡ್ ಪೆಟ್ಟಿಗೆ, ಮುಂದೆ ಗಾಜು, ತಳದಲ್ಲಿ ಬಿಸಿ ಮ್ಯಾಟು, ಅಡಗಲು ಒಡೆದ ಮಡಕೆ. ನಮ್ಮ ಜೊತೆ ಇರಲು ಈಸೂರಿನಿಂದ ಬಂದ ಅತ್ತೆ ಹೊಸಿಲಲ್ಲೇ ನಿಂತರು. "ನಾವು ಗದ್ದೆಯಾಗೆ ಕಂಡ್ರೆ ಹೊಡೆದು ಹಾಕ್ತೀವಿ. ನೀವು ಮನೆ ಕಟ್ಟಿಸಿ ಕೊಟ್ಟೀರಲ್ಲ!"

ಅವಕ್ಕೆ ಊಟ ಬಿಳಿ ಇಲಿ. ಸೊರಬದಲ್ಲಿ ಒಬ್ಬರು ಸಾಕುತ್ತಿದ್ದರು. ತೂತು ಕೊರೆದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ನಾನೇ ತರುತ್ತಿದ್ದೆ. ಗಂಡುಹಾವು ಮೊದಲ ದಿನವೇ ಹಾರಿ ಹಿಡಿಯಿತು. ಸುತ್ತಿ ಬಿಗಿದ ಬಿಗಿತಕ್ಕೆ ಇಲಿಯ ಕಣ್ಣುಗುಡ್ಡೆ ಹೊರಬಂತು. ಹೆಣ್ಣು ಮಡಕೆ ಬಿಟ್ಟು ಕದಲಲಿಲ್ಲ. "ಹಸಿದಾಗ ತಿನ್ನುತ್ತೆ ಬಿಡು" ಎಂದು ಗಂಡ ಅದರ ಇಲಿಯನ್ನು ಒಳಗೇ ಬಿಟ್ಟರು. ನಾವು ಬಳ್ಳಿಗಾವಿಗೆ ಮದುವೆಯೂಟಕ್ಕೆ ಹೋದೆವು.

ಸಂಜೆ ಬಂದು ನೋಡಿದರೆ ಗಾಜಿನ ತುಂಬ ರಕ್ತದ ಗೀರು. ಇಲಿಗೇ ಹಸಿವಾಗಿತ್ತು. ಹಾವಿನ ಬೆನ್ನನ್ನು ಪಕ್ಕೆಲುಬು ಕಾಣುವಷ್ಟು ಕೊರೆದಿತ್ತು. ಹಾವು ತಲೆಯನ್ನು ಸುರುಳಿಯೊಳಗೆ ಹುದುಗಿಸಿ ಎಲ್ಲ ಸಹಿಸಿಕೊಂಡಿತ್ತು. ಕೈ ಹಾಕಿದರೆ ಇಲಿ ನನ್ನನ್ನೂ ಕಚ್ಚಿತು. ಬಾಲ ಹಿಡಿದು ಹಿತ್ತಲಿಗೆ ಓಡಿ ಒಗೆಯುವ ಕಲ್ಲಿಗೆ ಬಡಿದೆ. ಸತ್ತ ಮೇಲೂ ಬಡಿದೆ. ಕೋಳಿ ಕುಯ್ಯುವಾಗ ಮುಖ ತಿರುಗಿಸುತ್ತಿದ್ದವಳು ನಾನು.

ಪಶುವೈದ್ಯರು ಹೊಲಿಗೆ ಹಾಕಿದರು. "ಇನ್ನು ಇಲಿಯನ್ನು ಜೀವಂತ ಬಿಡಬೇಡಿ. ಕೊಂದು, ಬೆಚ್ಚಗಿರುವಾಗ ಇಕ್ಕಳದಲ್ಲಿ ಹಿಡಿದು ಕೊಡಿ" ಅಂದರು. ಕೊಲ್ಲುವ ಕೆಲಸ ನನ್ನ ಪಾಲಿಗೇ ಬಂತು. ಮುಂದಿನ ಸಲ ಗಂಡುಹಾವಿಗೆ ಕೊಟ್ಟು, ಕೈ ತೊಳೆದು ರೊಟ್ಟಿ ಬಡಿಸಲು ಹೋದರೆ ಗಂಡ ತಟ್ಟೆ ಸರಿಸಿದರು.

"ಅವ್ವ ಬಡಿಸ್ಲಿ. ನಿನ್ನ ಕೈ ನೋಡಿದ್ರೆ ಹೊಟ್ಟೆ ತೊಳಸುತ್ತೆ."

ಸೌಟನ್ನು ಗೋಡೆಗೆ ಎಸೆದೆ. ಪಲ್ಯವೆಲ್ಲ ಸಿಡಿಯಿತು. "ಹಾವು ತಂದವರು ಯಾರ್ರೀ? ಮುಂದಿನ ಸಲ ನೀವೇ ಹೊಡೀರಿ."

ಹೊಡೆದರು, ಕಣ್ಣು ಮುಚ್ಚಿಕೊಂಡು. ಸೊಂಟ ಮುರಿದ ಇಲಿ ಮುಂಗಾಲಲ್ಲೇ ತೆವಳುತ್ತ ಕಿರುಚತೊಡಗಿತು. ಅವರು ಬಚ್ಚಲ ಗೋಡೆ ಹಿಡಿದು ವಾಂತಿ ಮಾಡಿದರು. ನಾನು ಕಲ್ಲೆತ್ತುವಷ್ಟರಲ್ಲಿ ಅತ್ತೆ ಚಪ್ಪಲಿಗಾಲಲ್ಲಿ ಅದರ ತಲೆ ಮೆಟ್ಟಿದರು. ಆಮೇಲೆ ಮಗನ ಕಡೆ ತಿರುಗಿ, "ಇಷ್ಟು ವರ್ಷ ಕೋಳಿ, ಮೀನು ನಾನೇ ಕೊಯ್ದು ಉಣ್ಣಿಸೀನಿ. ನನ್ನ ಕೈ ನಿಂಗೆ ನಾರಲಿಲ್ಲೇನೋ? ಏಳು, ಬಾಯಿ ತೊಳ್ಕೊ" ಅಂದರು.

ಅಂದಿನಿಂದ ಪೆಟ್ಟಿಗೆ ತೊಳೆಯುವುದು ಗಂಡ, ಕೊಲ್ಲುವುದು ನಾನು. ನಾನು ಬಡಿಸಿದ್ದನ್ನು ಸುಮ್ಮನೆ ಉಣ್ಣುತ್ತಾರೆ.

ಹೆಣ್ಣುಹಾವಿನ ಗಾಯ ಮಾಗಲು ಮಳೆಗಾಲ ಪೂರ್ತಿ ಹಿಡಿಯಿತು. ಅಲ್ಲಿಯವರೆಗೆ ಅದು ಒಂದು ಇಲಿಯನ್ನೂ ಮುಟ್ಟಲಿಲ್ಲ. ದಸರೆಯ ಹೊತ್ತಿಗೆ ಒಂದು ಮಧ್ಯಾಹ್ನ ಇಲಿ ಹಿಡಿದು ನಿಂತಿದ್ದೆ. ಹಾವು ಎಗರಿದ ರಭಸಕ್ಕೆ ಇಕ್ಕಳ ಕೈಯಿಂದ ಹಾರಿತು. ಸತ್ತ ಇಲಿಯನ್ನೇ ಅದು ಮೂಳೆ ಮುರಿಯುವ ಹಾಗೆ ಹಿಂಡುತ್ತಿತ್ತು. "ತಿಂತಾ?" ಎಂದು ಗಂಡ ಒಳಗಿಂದ ಕೂಗಿದರು. ಅಳುತ್ತಲೇ, "ಬಂದು ನೋಡ್ರೀ" ಎಂದು ಕೂಗಿದೆ.